ಎಡ ಮೊಣಕಾಲಿನ ಕಥೆ: ಪ್ಯಾರಾಟ್ರೂಪರ್ ಆಗಿ ಹೋಗಿ ಇಂಟೆಲಿಜೆನ್ಸ್ ಆಫೀಸರ್ ಆಗಿ ಮನೆಗೆ ಬಂದದ್ದು

ಮೊನ್ನೆ ಸಂಜೆ ಸೇನೆಯ ಪೆನ್ಶನ್ ನೋಡಿಕೊಳ್ಳೋ ಸ್ಪರ್ಶ್ ಪೋರ್ಟಲ್‌ನಲ್ಲಿ ಆ ಒಂದು ಸಾಲು ಬದಲಾಯಿತು. ಎರಡು ವರ್ಷದಿಂದ ಅದನ್ನೇ ನೋಡಿ ನೋಡಿ ಕಣ್ಣು ಸೋತಿದ್ದವು. ಡಿಸೆಬಿಲಿಟಿ ಪೆನ್ಶನ್ ಮಂಜೂರಾಗಿದೆ. ಅಂದರೆ ನನ್ನ ಎಡ ಮೊಣಕಾಲು ಎಡ ಮೊಣಕಾಲೇ ಅಂತ ಕೊನೆಗೂ ಒಪ್ಪಿಕೊಂಡಿದ್ದಾರೆ. 2008ರಿಂದ ಅದು ಒಂದು ಕಾಗದದಲ್ಲಿ ಬಲ ಮೊಣಕಾಲಾಗಿಯೇ ಇತ್ತು.

ನಾನು ಬ್ಯಾಡಗಿಯವನು. ಸೇನೆಯಲ್ಲಿ ಒಂದಷ್ಟು ವರ್ಷ ವಿಮಾನದಿಂದ ಹಾರೋ ಪ್ಯಾರಾಟ್ರೂಪರ್, ಆಮೇಲೆ ಬೇಹುಗಾರಿಕೆಯ ಇಂಟೆಲಿಜೆನ್ಸ್ ಕೋರ್‌ನಲ್ಲಿ ಆಫೀಸರ್, 2023ರ ಜೂನ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ಅವಧಿಗೆ ಮುಂಚೆಯೇ ಹೊರಗೆ ಬಂದೆ. ನಮ್ಮ ಕಡೆಯ ಹುಡುಗರು ಮೇಲಿಂದ ಮೇಲೆ ಕೇಳುತ್ತಾರೆ, "ಸರ್, ಪ್ಯಾರಾಕ್ಕೆ ಹೋಗೋದು ಹೆಂಗೆ, ಇಂಟೆಲಿಜೆನ್ಸ್‌ಗೆ ಹೋಗೋದು ಹೆಂಗೆ" ಅಂತ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆಯುತ್ತಿದ್ದೇನೆ. ಯೂನಿಟ್ ಹೆಸರು, ಎಲ್ಲೆಲ್ಲಿ ಇದ್ದೆ, ಅಲ್ಲಿ ಏನು ಮಾಡಿದೆ ಅನ್ನೋದನ್ನ ಮಾತ್ರ ಕೇಳಬೇಡಿ. ಅಫಿಶಿಯಲ್ ಸೀಕ್ರೆಟ್ಸ್ ಆಕ್ಟ್ ನಿವೃತ್ತಿ ಆದ ಮೇಲೂ ಬಿಡೋದಿಲ್ಲ. ಬಿಟ್ಟರೂ ನಾನು ಹೇಳೋದಿಲ್ಲ.

ಶುರುವಾಗಿದ್ದು ಧಾರವಾಡದಲ್ಲಿ. 1999ರಲ್ಲಿ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ ಮುಗಿಯಿತು. ಅದೇ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ. ಹಾಸ್ಟೆಲ್ ಟಿವಿ ಮುಂದೆ ಕೂತು ನೋಡಿದ ಆರು ಹುಡುಗರು ಸಿಡಿಎಸ್ ಪರೀಕ್ಷೆಗೆ ಅರ್ಜಿ ಹಾಕಿದೆವು, ಉಳಿದುಕೊಂಡವನು ನಾನೊಬ್ಬನೇ. ಸಿಡಿಎಸ್ ಅಂದರೆ ಸೇನೆಯಲ್ಲಿ ಆಫೀಸರ್ ಆಗೋಕೆ ಯುಪಿಎಸ್‌ಸಿ ನಡೆಸೋ ಪರೀಕ್ಷೆ. ಬರವಣಿಗೆ ಪಾಸಾದರೆ ಎಸ್‌ಎಸ್‌ಬಿ ಅಂತ ಐದು ದಿನದ ಸಂದರ್ಶನ. ಮೊದಲ ಸಲ ಭೋಪಾಲದಲ್ಲಿ ಕೊನೇ ದಿನ ಹೊರಗೆ ಬಿದ್ದೆ. ಕನ್ನಡ ಮೀಡಿಯಂ ಹುಡುಗ, ಗುಂಪು ಚರ್ಚೆಯಲ್ಲಿ ಇಂಗ್ಲಿಷಿನ ವಾಕ್ಯ ತಲೆಯಲ್ಲಿ ಜೋಡಿಸಿಕೊಳ್ಳೋ ಹೊತ್ತಿಗೆ ಚರ್ಚೆಯೇ ಮುಗಿದಿರುತ್ತಿತ್ತು. ಎರಡನೇ ಸಲ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ. ಈ ಸಲ ತಪ್ಪಾದರೂ ಪರವಾಗಿಲ್ಲ ಅಂತ ಮೊದಲೇ ಬಾಯಿ ಬಿಟ್ಟೆ. 60 ಪದ ತೋರಿಸುತ್ತಾರೆ, ಒಂದೊಂದಕ್ಕೂ 15 ಸೆಕೆಂಡು, ಪ್ರತಿ ಪದಕ್ಕೂ ಒಂದು ವಾಕ್ಯ ಬರೆಯಬೇಕು. ಅದರಲ್ಲಿ ಮೆರೆಯೋಕೆ ಹೋಗಬೇಡಿ, ಮನಸ್ಸಿಗೆ ಬಂದದ್ದನ್ನ ಬರೀರಿ. ಕೋಚಿಂಗ್‌ನವರು ಕಲಿಸಿದ ವಾಕ್ಯ ಅಲ್ಲಿನವರು ಸಾವಿರ ಸಲ ಓದಿರುತ್ತಾರೆ. ಆಯ್ಕೆ ಆಯಿತು.

ಆಯ್ಕೆಗಿಂತ ಜಾಸ್ತಿ ಕಾಡಿದ್ದು ಕಾಗದ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ, ಗದಗ ಬೇರೆ ಆದವು. ಬ್ಯಾಡಗಿ ಹಾವೇರಿಗೆ ಬಂತು. ನನ್ನ ಎಸ್ಸೆಸ್ಸೆಲ್ಸಿ 1994ರದು, ಅದರಲ್ಲಿ ಧಾರವಾಡ ಜಿಲ್ಲೆ. ವಾಸಸ್ಥಳದ ಪ್ರಮಾಣಪತ್ರದಲ್ಲಿ ಹಾವೇರಿ. ದೆಹಲಿಯಲ್ಲಿ ಕೂತವರಿಗೆ ಇದು ಹೇಗೆ ಗೊತ್ತಾಗಬೇಕು? "ನೀನು ಎರಡು ಊರಿನವನಾ" ಅಂತ ಪತ್ರ ಬಂತು. ಹೆಸರಿನದು ಇನ್ನೊಂದು ಗೋಳು. ನಮ್ಮಲ್ಲಿ ಊರು, ಅಪ್ಪ, ಮನೆತನ ಎಲ್ಲಾ ಇನಿಷಿಯಲ್‌ನಲ್ಲಿ ಮುಗಿಯುತ್ತೆ. ಸೇನೆಯ ಫಾರಂಗೆ ಪೂರ್ತಿ ಹೆಸರು ಬೇಕು. ಅಪ್ಪ ಪ್ರೈಮರಿ ಶಾಲೆ ಮಾಸ್ತರು, ತಹಸೀಲ್ದಾರ್ ಕಚೇರಿಗೆ ಎಂಟು ಸಲ ಸೈಕಲ್ ತುಳಿದು ಎರಡೂ ಸರಿ ಮಾಡಿಸಿದರು. ಅವತ್ತೇ ಒಂದು ಮಾತು ಹೇಳಿದ್ದರು: "ಸಹಿ ಮಾಡೂಕಿಂತ ಮೊದ್ಲು ಓದು. ಓದಿದ ಮ್ಯಾಲೆ ಝೆರಾಕ್ಸ್ ತಗಿ." ಮುಂದೆ ಒಂದೇ ಒಂದು ಸಲ ಆ ಮಾತು ಕೇಳಲಿಲ್ಲ. ಈ ಬರಹ ಇಷ್ಟುದ್ದ ಆಗೋಕೆ ಅದೇ ಕಾರಣ.

ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ, ಅಂದರೆ ಐಎಂಎಯಲ್ಲಿ 18 ತಿಂಗಳು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಟ್ಟುಬಿಡುತ್ತೇನೆ. 2001ರ ಡಿಸೆಂಬರ್‌ನಲ್ಲಿ ಪಾಸಿಂಗ್ ಔಟ್ ಪರೇಡ್. 'ಅಂತಿಮ್ ಪಗ್' ಅನ್ನೋ ಗೆರೆ ದಾಟಿ ಬಂದರೆ ಆಫೀಸರ್. ಅಪ್ಪ ಒಂದು ಭುಜದ ಮೇಲೆ, ಅವ್ವ ಇನ್ನೊಂದು ಭುಜದ ಮೇಲೆ ನಕ್ಷತ್ರ ಹಾಕಿದರು. ಆ ಚಳಿಗೆ ಅವ್ವನ ಬೆರಳು ಮರಗಟ್ಟಿ ಪಿನ್ ಹಿಡಿಯೋಕೇ ಆಗಲಿಲ್ಲ, ಪಕ್ಕದಲ್ಲಿದ್ದ ಯಾರೋ ಪಂಜಾಬಿ ಅಜ್ಜಿ ಹಾಕಿಕೊಟ್ಟರು. ಊರಿಗೆ ಬಂದು ರಜೆ ಸರಿಯಾಗಿ ಶುರುವಾಗೋ ಮುಂಚೆ ಡಿಸೆಂಬರ್ 13, ಸಂಸತ್ತಿನ ಮೇಲೆ ದಾಳಿ. ಆಪರೇಷನ್ ಪರಾಕ್ರಮ್ ಅಂತ ಇಡೀ ಸೇನೆ ಗಡಿಗೆ ಹೋಯಿತು. ನನಗೂ ತಂತಿ ಬಂತು. ಅವ್ವ ಕಟ್ಟಿಕೊಟ್ಟ ಖಾರಪುಡಿ, ಶೇಂಗಾ ಹೋಳಿಗೆ ಹಿಡಿದುಕೊಂಡು ಹೊರಟೆ.

ಪ್ಯಾರಾಶೂಟ್ ರೆಜಿಮೆಂಟ್ ಕೇಳಿದ್ದು ನಾನೇ. ಯಾರೂ ಬಲವಂತ ಮಾಡೋದಿಲ್ಲ, ಅಲ್ಲಿಗೆ ಹೋಗೋರೆಲ್ಲಾ ಸ್ವಂತ ಇಚ್ಛೆಯಿಂದ ಹೋಗೋರು. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ 2 ಪ್ಯಾರಾ ಬೆಟಾಲಿಯನ್‌ನವರು ಆಕಾಶದಿಂದ ಇಳಿದ ಫೋಟೋ ಐಎಂಎಯಲ್ಲಿದ್ದಾಗ ನೋಡಿದ್ದೆ. ಆಕಾಶದ ತುಂಬ ಅಣಬೆ ಎದ್ದ ಹಾಗೆ. ಇಪ್ಪತ್ತಮೂರರ ವಯಸ್ಸಿಗೆ ಅಷ್ಟು ಸಾಕಾಯಿತು.

ಜವಾನ ಆಗಿ ಸೇರೋರಿಗೆ ಒಂದು ಮಾತು. ಪ್ಯಾರಾಶೂಟ್ ರೆಜಿಮೆಂಟಿನ ಟ್ರೈನಿಂಗ್ ಸೆಂಟರ್ ಇರೋದು ನಮ್ಮ ಬೆಂಗಳೂರಲ್ಲೇ, 1992ರಲ್ಲಿ ಆಗ್ರಾದಿಂದ ಬಂತು. ಅಲ್ಲಿ ಟ್ರೈನಿಂಗ್ ಮುಗಿದ ಕೂಡಲೇ ಪ್ಯಾರಾಟ್ರೂಪರ್ ಆದೆ ಅಂದುಕೊಳ್ಳಬೇಡಿ. ಜವಾನ ಆಗಲಿ ಆಫೀಸರ್ ಆಗಲಿ ಬೆಟಾಲಿಯನ್‌ನಲ್ಲಿ ಪ್ರೊಬೇಷನ್ ಮುಗಿಸಬೇಕು, ಆಮೇಲೇ ಮರೂನ್ ಟೋಪಿ. ಪ್ರೊಬೇಷನ್‌ನಲ್ಲಿ ಆಫೀಸರ್‌ಗೆ ರಿಯಾಯಿತಿ ಅಂತ ಏನೂ ಇಲ್ಲ, ಉಲ್ಟಾ ಜಾಸ್ತಿ. ನಿದ್ದೆ ಕೊಡೋದಿಲ್ಲ. ಬೆನ್ನ ಮೇಲೆ ಭಾರ ಹೊರಿಸಿ ಓಡಿಸುತ್ತಾರೆ. ಎಲ್ಲಕ್ಕಿಂತ ಕಷ್ಟ ಅಂದರೆ ಇವತ್ತು ಎಷ್ಟು ದೂರ ಅಂತ ಹೇಳೋದೇ ಇಲ್ಲ. ದೂರ ಗೊತ್ತಿದ್ದರೆ ಕಾಲು ಹೇಗೋ ಒಪ್ಪಿಕೊಳ್ಳುತ್ತೆ, ಗೊತ್ತಿಲ್ಲದಿದ್ದರೆ ತಲೆ ಮೊದಲು ಸೋಲುತ್ತೆ. ನನ್ನ ಜೊತೆ ಬಂದ ಇನ್ನೊಬ್ಬ ಲೆಫ್ಟಿನೆಂಟ್ ಆರನೇ ವಾರ ಬಿಟ್ಟು ಹೋದ. ನನಗಿಂತ ಗಟ್ಟಿ ಆಳು. ಒಂದು ಮಧ್ಯರಾತ್ರಿ ಕೂತುಬಿಟ್ಟ, ಏಳಲಿಲ್ಲ. ಅವನ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ನಾನೂ ಆಡೋದಿಲ್ಲ.

ಆಗ್ರಾ ಕೋರ್ಸ್ ಸಿಕ್ಕಿದ್ದು 2003ರ ಜನವರಿಗೆ. ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲ್ ನಡೆಸೋದು ವಾಯುಸೇನೆ. ಐದು ಜಂಪ್ ಮಾಡಬೇಕು, ಅದರಲ್ಲಿ ಒಂದು ರಾತ್ರಿ. ಐದೂ ಆದರೆ ಎದೆಗೆ ರೆಕ್ಕೆ.

ಜಂಪ್‌ಗಿಂತ ಮುಂಚೆ ನೆಲದ ಮೇಲೆ ವಾರಗಟ್ಟಲೆ ಬೀಳೋದನ್ನೇ ಕಲಿಸುತ್ತಾರೆ. ಬೀಳೋಕೂ ಕಲೀಬೇಕಾ ಅಂತ ನಗಬೇಡಿ. ಪಾದ ಎರಡೂ ಕೂಡಿರಬೇಕು, ಮೊಣಕಾಲು ಕೂಡಿರಬೇಕು, ಗದ್ದ ಎದೆಗೆ ಒತ್ತಿರಬೇಕು. ನೆಲ ಮುಟ್ಟಿದ ಕೂಡಲೇ ಮೀನಖಂಡ, ತೊಡೆ, ಕುಂಡಿ, ಬೆನ್ನು ಹೀಗೆ ಒಂದಾದ ಮೇಲೆ ಒಂದು ನೆಲಕ್ಕೆ ತಾಗುತ್ತಾ ಉರುಳಬೇಕು. ಪೆಟ್ಟು ಒಂದೇ ಕಡೆ ಬೀಳದೆ ಮೈಯೆಲ್ಲಾ ಹಂಚಿಹೋಗಲಿ ಅಂತ. ವಿಮಾನದ ತಂತಿಗೆ ಕೊಂಡಿ ಹಾಕಿ ಹಾರಿದರೆ ತಾನಾಗೇ ಬಿಚ್ಚಿಕೊಳ್ಳೋ ಸ್ಟ್ಯಾಟಿಕ್ ಲೈನ್ ಪ್ಯಾರಾಶೂಟ್‌ನಲ್ಲಿ ನೆಲಕ್ಕೆ ಬರೋ ಪೆಟ್ಟು ಹೆಚ್ಚುಕಡಿಮೆ ಒಂದಾಳೆತ್ತರದ ಗೋಡೆಯಿಂದ ಹಾರಿದಷ್ಟು. ಹಾರಿ ನೋಡಿ, ಗೊತ್ತಾಗುತ್ತೆ. ನಮ್ಮ ಇನ್‌ಸ್ಟ್ರಕ್ಟರ್ ಒಬ್ಬರು ಮೊಣಕಾಲುಗಳ ಮಧ್ಯೆ ಕರವಸ್ತ್ರ ಇಡಿಸುತ್ತಿದ್ದರು. ಅದು ಕೆಳಗೆ ಬಿದ್ದರೆ ಅವತ್ತು ಇನ್ನೂ ಐವತ್ತು ಸಲ. ಈ ಕರವಸ್ತ್ರ ನೆನಪಿಟ್ಟುಕೊಳ್ಳಿ.

ನೆಲದ ಪಾಠ ಮುಗಿದು ಜಂಪ್‌ಗೆ ಹೆಸರು ಬಂದ ದಿನದಿಂದ ಮಂಜು. ಜನವರಿಯ ಆಗ್ರಾ ಮಂಜು ನಮ್ಮ ಕಡೆಯವರಿಗೆ ಗೊತ್ತಿರಲ್ಲ, ಎದುರಿಗೆ ನಿಂತವನ ಮುಖ ಕಾಣಲ್ಲ. ಬೆಳಗಿನ ಜಾವ ಏಳೋದು, ಪ್ಯಾರಾಶೂಟ್ ಕಟ್ಟಿಕೊಳ್ಳೋದು, ರನ್‌ವೇ ಪಕ್ಕ ಸಾಲಾಗಿ ಕೂರೋದು, ಹನ್ನೊಂದಕ್ಕೆ ಬಿಚ್ಚಿ ವಾಪಸ್. ಹೀಗೆ ಒಂಬತ್ತು ದಿನ. ಕಟ್ಟಿಕೊಂಡ ಮೇಲೆ ಮೂತ್ರಕ್ಕೂ ಹೋಗೋ ಹಾಗಿಲ್ಲ. ಹೆದರಿಕೆ ಅನ್ನೋದು ಒಂದು ದಿನಕ್ಕಾದರೆ ಸರಿ, ಒಂಬತ್ತು ದಿನ ಅದನ್ನೇ ಹೊತ್ತು ಕೂರೋದು ಬೇರೆ. ಮೂರನೇ ದಿನ ನಗು ಬಂತು, ಐದನೇ ದಿನ ಸಿಟ್ಟು, ಏಳರ ಹೊತ್ತಿಗೆ ಏನೂ ಅನ್ನಿಸಲಿಲ್ಲ. ಚಳಿಗಾಲದ ಕೋರ್ಸ್ ಸಿಕ್ಕವರು ರಿಟರ್ನ್ ಟಿಕೆಟ್ ಮೊದಲೇ ಮಾಡಿಸಬೇಡಿ, ನನ್ನ ಎರಡು ಟಿಕೆಟ್ ಹಾಳಾದವು.

ಹತ್ತನೇ ದಿನ ಮಂಜು ಹರಿಯಿತು. ಎಎನ್-32 ವಿಮಾನ, ಎದುರುಬದುರು ಕೂತಿದ್ದೇವೆ. ಇಂಧನದ ವಾಸನೆ, ಯಾರೋ ವಾಂತಿ ಮಾಡಿಕೊಂಡ ವಾಸನೆ. ಹಿಂದಿನ ಬಾಗಿಲು ತೆಗೆದರು. ಸದ್ದಿಗೆ ಕಿವಿ ಮುಚ್ಚಿಹೋಗಿದೆ, ಎಲ್ಲಾ ಕೈಸನ್ನೆಯಲ್ಲೇ. ಎದ್ದು ನಿಲ್ಲು. ಹುಕ್ ಹಾಕು. ತಲೆ ಮೇಲಿನ ತಂತಿಗೆ ಕೊಂಡಿ ಸಿಕ್ಕಿಸಿದಾಗ 'ಟಕ್' ಅನ್ನೋದು ಬೆರಳಿಗೆ ಗೊತ್ತಾಗುತ್ತೆ, ಕಿವಿಗಲ್ಲ. ನಾನು ಅದನ್ನ ಎರಡು ಸಲ ಎಳೆದು ನೋಡಿದೆ. ಮುಂದಿನವನ ಬೆನ್ನಿನ ಪ್ಯಾಕ್ ನೀನು ನೋಡಬೇಕು, ನಿನ್ನದನ್ನ ಹಿಂದಿನವನು. ಕೆಂಪು ದೀಪ. ಹಸಿರು. ಸಾಲು ಹರಿಯೋಕೆ ಶುರುವಾದ ಮೇಲೆ ನಿಲ್ಲೋಕೆ ಜಾಗವೇ ಇಲ್ಲ, ಜಾತ್ರೆಯಲ್ಲಿ ತೇರಿನ ಹಿಂದೆ ಹೋಗೋ ಹಾಗೆ ಕಾಲೇ ಹೊತ್ತುಕೊಂಡು ಹೋಗುತ್ತೆ.

1,250 ಅಡಿ. ಗಾಳಿ ಒಂದು ಏಟು ಹೊಡೆಯಿತು. ವನ್ ಥೌಸಂಡ್, ಟೂ ಥೌಸಂಡ್ ಅಂತ ಎಣಿಸಬೇಕು, ನಾನು ಎಣಿಸಿದ್ದು ಒಂದು, ಎರಡು, ಮೂರು ಅಂತ. ಹೆದರಿಕೆಯಲ್ಲಿ ಇಂಗ್ಲಿಷು ಎಲ್ಲಿ ಬರುತ್ತೆ? ನಾಲ್ಕು ಅನ್ನೋಕೆ ಮುಂಚೆ ಭುಜ ಹಿಡಿದು ಯಾರೋ ಮೇಲಕ್ಕೆ ಎಳೆದ ಹಾಗಾಯಿತು. ತಲೆ ಎತ್ತಿ ನೋಡಿದರೆ ಛತ್ರಿ ಪೂರ್ತಿ ಅರಳಿದೆ. ಆಮೇಲೆ ಏನೂ ಸದ್ದಿಲ್ಲ. ಅಷ್ಟು ಗದ್ದಲ ಇದ್ದದ್ದು ಪಟ್ಟನೆ ಎಲ್ಲಿ ಹೋಯಿತು ಅಂತ ಗಾಬರಿ ಆಗುವಷ್ಟು ಮೌನ. ಕೆಳಗೆ ಮಲಪುರದ ಬಯಲು, ಯಾವುದೋ ನಾಯಿ ಬೊಗಳೋದು ಅಷ್ಟು ಮೇಲಕ್ಕೂ ಕೇಳಿಸಿತು. ಇದೆಲ್ಲಾ ಒಂದು ನಿಮಿಷದ ಆಸುಪಾಸು. ಮೆಗಾಫೋನಿನಲ್ಲಿ "ಘುಟ್ನೆ ಜೋಡ್, ಘುಟ್ನೆ ಜೋಡ್" ಅಂತ ಕೂಗು. ಜೋಡಿಸಿದೆ. ಬಿದ್ದೆ. ಎದ್ದೆ. ಬಾಯಲ್ಲಿ ಮಣ್ಣು. ಸಂಜೆ ಎಸ್‌ಟಿಡಿ ಬೂತಿಂದ ಮನೆಗೆ ಫೋನ್ ಮಾಡಿ "ಎಲ್ಲಾ ಆರಾಮ ಐತಿ" ಅಂದೆ, ಹಾರಿದ್ದು ಹೇಳಲಿಲ್ಲ. ಅವ್ವನಿಗೆ ಗೊತ್ತಾಗಿದ್ದು ರೆಕ್ಕೆ ಹಾಕಿಕೊಂಡ ಫೋಟೋ ಕಳಿಸಿದ ಮೇಲೆ.

ಬೆಟಾಲಿಯನ್‌ನಲ್ಲಿ ಒಂದೆರಡು ವರ್ಷ ಆದ ಮೇಲೆ ನನ್ನನ್ನ ಐಒ ಮಾಡಿದರು, ಇಂಟೆಲಿಜೆನ್ಸ್ ಆಫೀಸರ್. ಇದು ಇಂಟೆಲಿಜೆನ್ಸ್ ಕೋರ್ ಅಲ್ಲ, ಪ್ರತಿ ಬೆಟಾಲಿಯನ್‌ನಲ್ಲೂ ಕಮಾಂಡಿಂಗ್ ಆಫೀಸರ್ ಕೈಕೆಳಗೆ ಒಬ್ಬ ಐಒ ಇರುತ್ತಾನೆ. ನಕಾಶೆ ಸರಿಯಾಗಿಡೋದು, ಮಣ್ಣಿನ ಮಾಡೆಲ್ ಮಾಡಿಸೋದು, ಗಸ್ತಿಗೆ ಹೋಗಿ ಬಂದವರನ್ನ ಕೂರಿಸಿ ಏನು ನೋಡಿದಿರಿ ಅಂತ ಕೇಳಿ ಬರೆಯೋದು. ಓಡೋ ಹುಡುಗನಿಗೆ ಕೂರೋ ಕೆಲಸ ಕೊಟ್ಟರಲ್ಲ ಅಂತ ಮೊದಲು ಬೇಜಾರಾಗಿತ್ತು. ಆದರೆ ಒಂದು ತಿಂಗಳಲ್ಲಿ ಹಿಡಿಸಿತು. ಒಬ್ಬ ಸಿಪಾಯಿ ಬಂದು "ಏನೂ ಇರಲಿಲ್ಲ ಸಾಬ್" ಅಂತಾನೆ. ಸುಮ್ನೆ ಚಹಾ ಕೊಟ್ಟು ಕೂರಿಸಿದರೆ ಹತ್ತು ನಿಮಿಷಕ್ಕೆ "ಆ ಮನೆ ಹೊಗೆಗೂಡಲ್ಲಿ ಮಾತ್ರ ಮಧ್ಯಾಹ್ನ ಹೊಗೆ ಬರ್ತಿತ್ತು" ಅಂತಾನೆ. ಅವನಿಗೆ ಅದು ಸುದ್ದಿಯೇ ಅಲ್ಲ. ಅಲ್ಲಿಂದ ನನ್ನ ಮನಸ್ಸು ಸ್ವಲ್ಪ ಆ ಕಡೆ ವಾಲಿತ್ತು ಅಂತ ಈಗ ಅನ್ನಿಸುತ್ತೆ.

2008ರ ನವೆಂಬರ್. ಆಗ ಮೇಜರ್. ಅಭ್ಯಾಸದ ಜಂಪ್, ನನ್ನ 31ನೆಯದು. ಮೈಗೆ ಸಾಮಾನು ಕಟ್ಟಿತ್ತು, ಕೆಳಗೆ ಗಾಳಿ ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಉತ್ತ ಹೊಲ, ಹೆಂಟೆ ಹೆಂಟೆ. ಎಡಗಾಲು ಸಾಲಿನ ದಿಂಡಿನ ಮೇಲೆ, ಬಲಗಾಲು ಕೆಳಗೆ. ಕರವಸ್ತ್ರ ಬಿತ್ತು ಅನ್ನಿ. ನೋವಿಗಿಂತ ಮೊದಲು ಸದ್ದು ಕೇಳಿತು, ಹಸಿ ಜೋಳದ ದಂಟು ಮುರಿದ ಹಾಗೆ. ಗಾಳಿ ತುಂಬಿದ ಪ್ಯಾರಾಶೂಟ್ ನನ್ನನ್ನ ಇನ್ನೂ ಸ್ವಲ್ಪ ದೂರ ಎಳೆದುಕೊಂಡು ಹೋಯಿತು.

ಎಡ ಮೊಣಕಾಲಿನ ಎಸಿಎಲ್, ಅಂದರೆ ಕೀಲಿನ ಎಲುಬುಗಳನ್ನ ಹಿಡಿದಿಡೋ ಕಟ್ಟು, ಹರಿದಿತ್ತು. ಎಂಆರ್‌ಐ, ಆಪರೇಷನ್, ತೊಡೆಯಿಂದ ಸ್ನಾಯುರಜ್ಜು ತೆಗೆದು ಮೊಣಕಾಲಿಗೆ ಹಾಕಿದರು. ಡಾಕ್ಟರುಗಳ ಬಗ್ಗೆ ಒಂದು ದೂರೂ ಇಲ್ಲ. ಆದರೆ ಆ ವಾರದಲ್ಲೇ ಒಂದು ಫಾರಂ ತುಂಬಿಸಿಕೊಂಡರು. ಐಎಎಫ್‌ವೈ-2006, ಇಂಜುರಿ ರಿಪೋರ್ಟ್. ಗಾಯ ಹೇಗಾಯಿತು, ಡ್ಯೂಟಿ ಮೇಲೆ ಆಯಿತಾ ಇಲ್ಲವಾ ಅಂತ ಯೂನಿಟ್ ಬರೆದುಕೊಡೋ ಕಾಗದ. ನಾನು ನೋವಿನ ಇಂಜೆಕ್ಷನ್ ಗುಂಗಿನಲ್ಲಿದ್ದೆ, ತೋರಿಸಿದ ಕಡೆ ಸಹಿ ಹಾಕಿದೆ. ಬರೆದವರು ಎಡದ ಬದಲು ಬಲ ಮೊಣಕಾಲು ಅಂತ ಟೈಪ್ ಮಾಡಿದ್ದರು. ಎರಡಕ್ಷರದ ತಪ್ಪು. ನಾನೂ ಓದಲಿಲ್ಲ, ಸಹಿ ಮಾಡಿದ ದೊಡ್ಡವರೂ ಓದಲಿಲ್ಲ.

ಇಲ್ಲಿ ನಿಲ್ಲಿಸಿ ಹೇಳುತ್ತೇನೆ. ಸೇನೆಯಲ್ಲಿರೋ ತಮ್ಮಂದಿರೇ, ಗಾಯ ಚಿಕ್ಕದಿರಲಿ ದೊಡ್ಡದಿರಲಿ, ಇಂಜುರಿ ರಿಪೋರ್ಟ್ ಆಗಿದೆಯಾ ನೋಡಿ. ಆಗಿದ್ದರೆ ಒಂದು ಪ್ರತಿ ತಗೊಂಡು, ಯಾವ ಕೈ, ಯಾವ ಕಾಲು, ಯಾವ ತಾರೀಕು ಅಂತ ಓದಿ. ಎಕ್ಸ್‌ರೇ, ಎಂಆರ್‌ಐ ಫಿಲ್ಮು ಬಿಸಾಡಬೇಡಿ. ಸುಮ್ನೆ ಭಾರ ಅಂತ ನಾನು ಬಿಸಾಡೋಕೆ ಹೊರಟಿದ್ದೆ, ಅವ್ವ ಕಸಿದುಕೊಂಡು ತನ್ನ ಕಬ್ಬಿಣದ ಟ್ರಂಕಿನಲ್ಲಿ ಸೀರೆ ಅಡಿಗೆ ಇಟ್ಟಳು. "ಮಗನ ಎಲುಬಿನ ಫೋಟೋ" ಅಂತ.

ಸೇನೆಯ ಮೆಡಿಕಲ್ ಲೆಕ್ಕಕ್ಕೆ ಶೇಪ್ ಅಂತಾರೆ. ಐದು ಅಕ್ಷರಕ್ಕೆ ಐದು: ಮನಸ್ಸು, ಕಿವಿ, ಕೈಕಾಲು, ಉಳಿದ ದೇಹ, ಕಣ್ಣು. ಎಲ್ಲಾ ಸರಿ ಇದ್ದರೆ ಶೇಪ್-1. ನನ್ನ 'ಎ' ಇಳಿಯಿತು. ಮೊದಲು ಟಿ-24, ಅಂದರೆ 24 ವಾರ ತಾತ್ಕಾಲಿಕ. ಮತ್ತೊಂದು 24. 2010ರ ಶುರುವಿನಲ್ಲಿ ಮೆಡಿಕಲ್ ಬೋರ್ಡಿನವರು ಪರ್ಮನೆಂಟ್ ಅಂತ ಬರೆದರು. ಆ ಬೋರ್ಡಿನಿಂದ ಹೊರಗೆ ಬಂದು ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ನಾಲ್ಕು ಸಮೋಸಾ ತಿಂದೆ. ಹಸಿವಿರಲಿಲ್ಲ. ಜಂಪ್ ಬಂದ್, ಪ್ಯಾರಾ ಅಲೊವೆನ್ಸ್ ಬಂದ್. ಸಂಬಳ ಕಡಿಮೆ ಆಗಿದ್ದಕ್ಕಲ್ಲ, ಬೆಳಿಗ್ಗೆ ಹುಡುಗರು ಓಡೋಕೆ ಹೋದಾಗ ಆಫೀಸಿನ ಕಿಟಕಿಯಲ್ಲಿ ನಿಂತು ನೋಡೋದು ಆಗುತ್ತಿರಲಿಲ್ಲ.

ಬೇರೆ ಕೋರ್‌ಗೆ ವರ್ಗಾವಣೆ ಕೇಳಬಹುದು ಅಂತ ಹೇಳಿದ್ದು ನಮ್ಮ ಕಮಾಂಡಿಂಗ್ ಆಫೀಸರ್. "ನೀನು ಐಒ ಆಗಿದ್ದಾಗ ಖುಷಿಯಾಗಿದ್ದೆ" ಅಂದರು. ನನಗೇ ಅದು ಗೊತ್ತಿರಲಿಲ್ಲ. ಅರ್ಜಿ ಹಾಕಿ 14 ತಿಂಗಳು ಕಾದೆ. ಅದರಲ್ಲಿ ಐದು ತಿಂಗಳು ನನ್ನದೇ ತಪ್ಪು. ಹಿನ್ನೆಲೆ ತನಿಖೆಯ ಫಾರಂನಲ್ಲಿ ಹುಟ್ಟಿದ ಜಿಲ್ಲೆ ಧಾರವಾಡ ಅಂತ ಬರೆದಿದ್ದೆ, ಹುಟ್ಟಿದಾಗ ಅದೇ ಇತ್ತಲ್ಲ ಅಂತ. ಪತ್ರ ಧಾರವಾಡಕ್ಕೆ ಹೋಗಿ, "ಈ ಊರು ನಮ್ಮಲ್ಲಿಲ್ಲ" ಅಂತ ದೆಹಲಿಗೆ ವಾಪಸ್ ಹೋಗಿ, ಮತ್ತೆ ಹಾವೇರಿಗೆ ಬಂತು. ಹಾವೇರಿ, ಗದಗ, ಬಾಗಲಕೋಟೆ ಕಡೆ 1997ಕ್ಕೆ ಮುಂಚೆ ಹುಟ್ಟಿದವರು ಹಳೇ ಜಿಲ್ಲೆ, ಈಗಿನ ಜಿಲ್ಲೆ ಎರಡನ್ನೂ ಬರೀರಿ. ಕೊನೆಗೆ ಪೊಲೀಸಪ್ಪ ಒಬ್ಬರು ಮನೆಗೆ ಬಂದು ಅಕ್ಕಪಕ್ಕದಲ್ಲಿ ವಿಚಾರಿಸಿದರಂತೆ. ಅವ್ವ ಅವರಿಗೆ ಗಿರ್ಮಿಟ್ಟು, ಚಹಾ ಕೊಟ್ಟು, ನಾನು ನಾಲ್ಕನೇ ಕ್ಲಾಸಿನಲ್ಲಿ ಪಕ್ಕದ ಮನೆ ಪೇರಲಕಾಯಿ ಕದ್ದದ್ದನ್ನೂ ಹೇಳಿದ್ದಾಳೆ. "ಖರೇ ಹೇಳಬೇಕಲ್ಲೋ, ಪೊಲೀಸ್ರು ಅವ್ರು!"

2011ರಲ್ಲಿ ಪುಣೆಗೆ ಹೋದೆ. ಮಿಲಿಟರಿ ಇಂಟೆಲಿಜೆನ್ಸ್ ಟ್ರೈನಿಂಗ್ ಸ್ಕೂಲ್ ಮತ್ತು ಡಿಪೋ ಇರೋದು ಅಲ್ಲಿ. ಲೋಂಡಾದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ಪುಣೆಯೂ ಅದೇ ದಾರಿ, ಆಗ್ರಾವೂ ಅದೇ ದಾರಿ. ಈ ಸಲ ಅರ್ಧಕ್ಕೇ ಇಳಿದುಬಿಟ್ಟೆ. ಮರೂನ್ ಟೋಪಿ ಪ್ಯಾರಾ ಯೂನಿಟ್‌ನಲ್ಲಿ ಇರೋವರೆಗೆ ಮಾತ್ರ, ಅದನ್ನ ಮಡಚಿ ಸೂಟ್‌ಕೇಸಿನಲ್ಲಿಟ್ಟೆ. ಎದೆಯ ರೆಕ್ಕೆ ಮಾತ್ರ ಕೊನೇವರೆಗೂ ನಿಮ್ಮದೇ. ಕ್ಲಾಸಿನಲ್ಲಿ ಮೊದಲ ದಿನ ಎಲ್ಲರ ಕಣ್ಣೂ ಆ ರೆಕ್ಕೆ ಮೇಲೆ, ಆಮೇಲೆ ನನ್ನ ಕುಂಟೋ ಕಾಲಿನ ಮೇಲೆ. ಕಥೆ ಅವರಿಗೆ ಅಲ್ಲೇ ಗೊತ್ತಾಯಿತು.

ಅಲ್ಲಿ ಕಲಿಸಿದ್ದರ ಬಗ್ಗೆ ಹೇಳಬಹುದಾದ್ದು ಇಷ್ಟು: ಬರವಣಿಗೆ. ಸಿನಿಮಾದಲ್ಲಿ ತೋರಿಸೋ ಹಾಗೆ ಕೋಟು, ಕರೀ ಕನ್ನಡಕ ಏನಿಲ್ಲ. ನೋಡಿದ್ದು ಯಾವುದು, ಕೇಳಿದ್ದು ಯಾವುದು, ನೀನೇ ಅಂದುಕೊಂಡದ್ದು ಯಾವುದು, ಇವನ್ನ ಬೇರೆ ಬೇರೆ ಮಾಡಿ ಬರೆಯೋದು. ನನ್ನ ಮೊದಲ ವರದಿಯನ್ನ ಕೆಂಪು ಶಾಯಿಯಲ್ಲಿ ಹೊಡೆದು, ಅಂಚಿನಲ್ಲಿ "ನೀವಿದನ್ನ ನೋಡಿದಿರಾ?" ಅಂತ ಏಳು ಕಡೆ ಬರೆದಿದ್ದರು. ಕಾರ್ಗಿಲ್ ಆದ ಮೇಲೆ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಬೇಹುಗಾರಿಕೆಯ ಲೋಪಗಳನ್ನ ಎತ್ತಿ ತೋರಿಸಿತ್ತು, 2002ರಲ್ಲಿ ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ ಹುಟ್ಟಿದ್ದು ಆ ಹಿನ್ನೆಲೆಯಲ್ಲೇ. ಹಾಸ್ಟೆಲ್ ಟಿವಿಯಲ್ಲಿ ನೋಡಿದ್ದ ಯುದ್ಧದ ಇನ್ನೊಂದು ಮುಖ ಓದಿದ್ದು ಅಲ್ಲಿ. ಇದು ಕಾಲು ಮುರಿದವರಿಗೆ ಕೊಡೋ ಕೆಲಸ ಅನ್ನೋ ಕೀಳರಿಮೆ ಒಂದಿತ್ತು ನನಗೆ, ಅದು ಹೋಯಿತು. ಕಷ್ಟ ಆಗಿದ್ದು ಬೇರೆ. ಪ್ಯಾರಾದಲ್ಲಿ ಸಂಜೆ ಆದರೆ ಮೆಸ್ಸಿನಲ್ಲಿ ಅವತ್ತಿನದೆಲ್ಲಾ ಹೇಳಿ ನಗಬಹುದು. ಇಲ್ಲಿ ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕು. "ಇವತ್ತು ಏನಾಯ್ತು ರೀ" ಅಂತ ಹೆಂಡತಿ ಕೇಳೋದನ್ನ ಎರಡೇ ವರ್ಷದಲ್ಲಿ ಬಿಟ್ಟಳು. ಹನ್ನೆರಡು ವರ್ಷ ಹೀಗೇ ಕಳೆದವು. ಹೆಚ್ಚು ಬರೆಯೋ ಹಾಗಿಲ್ಲ.

2021ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮುಂದಿನ ವರ್ಷ ಪಿಎಂಆರ್‌ಗೆ ಅರ್ಜಿ ಹಾಕಿದೆ, ಅವಧಿಗೆ ಮುಂಚಿನ ನಿವೃತ್ತಿ. ಆಫೀಸರ್‌ಗಳಿಗೆ ಪೆನ್ಶನ್ ಬರಬೇಕಾದರೆ 20 ವರ್ಷ ಸರ್ವಿಸ್ ಆಗಿರಬೇಕು, ನನ್ನದು ಆಗಿತ್ತು. ಸ್ವಂತ ಇಚ್ಛೆಯಿಂದ ಹೊರಗೆ ಬರೋರಿಗೆ ಒಂದೇ ರ್ಯಾಂಕಿಗೆ ಒಂದೇ ಪೆನ್ಶನ್ ಅನ್ನೋ ಒಆರ್‌ಒಪಿ ಇಲ್ಲ ಅಂತ 2015ರ ನವೆಂಬರ್ 7ರ ಸರ್ಕಾರಿ ಪತ್ರದಲ್ಲೇ ಇದೆ. ಅದರ ಮೇಲೆ ನ್ಯಾಯಮಂಡಳಿಯಲ್ಲಿ ಕೇಸುಗಳೂ ನಡೆದಿವೆ. ಲೆಕ್ಕ ಹಾಕಿ ನಿರ್ಧಾರ ಮಾಡಿ. ಇಸಿಎಚ್‌ಎಸ್ ಅನ್ನೋ ಮಾಜಿ ಸೈನಿಕರ ಆಸ್ಪತ್ರೆ ಕಾರ್ಡಿಗೆ ಒಂದೇ ಸಲ ಕಟ್ಟೋದು, ನನಗೆ 1,20,000 ಆಯಿತು. ಹೆಂಡತಿ ಹೆಸರು ಆಧಾರ್‌ನಲ್ಲಿ ಒಂದು ಥರ, ಸರ್ವಿಸ್ ದಾಖಲೆಯಲ್ಲಿ ಇನ್ನೊಂದು ಥರ ಇದ್ದರೆ ಸರ್ವಿಸ್‌ನಲ್ಲಿ ಇರುವಾಗಲೇ ಪಾರ್ಟ್ ಟೂ ಆರ್ಡರ್ (ದಾಖಲೆಯಲ್ಲಿ ಬದಲಾವಣೆ ಬರೆಸೋ ಆದೇಶ) ಮಾಡಿಸಿ ಸರಿಪಡಿಸಿಕೊಳ್ಳಿ. ಹೊರಗೆ ಬಂದ ಮೇಲೆ ಅದೇ ಕೆಲಸ ಹತ್ತು ಪಟ್ಟು.

ಹೊರಡೋ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡ್ ಕೂತು ಮೊಣಕಾಲು ನೋಡಿ, 30 ಪರ್ಸೆಂಟ್ ಅಂಗವಿಕಲತೆ, ಡ್ಯೂಟಿಯಿಂದಲೇ ಆದದ್ದು ಅಂತ ಬರೆದರು. ಇನ್ನೇನು ಆಯಿತು ಅಂದುಕೊಂಡೆ. 2024ರ ಜನವರಿಯಲ್ಲಿ ತಿರಸ್ಕಾರದ ಪತ್ರ ಬಂತು. ಇಂಜುರಿ ರಿಪೋರ್ಟ್ ಇರೋದು ಬಲ ಮೊಣಕಾಲಿಗೆ, ಕ್ಲೇಮು ಎಡ ಮೊಣಕಾಲಿನದು, ಹೊಂದಾಣಿಕೆ ಇಲ್ಲ. ಅವತ್ತೇ ಮೊದಲ ಬಾರಿಗೆ ನಾನು ಆ ರಿಪೋರ್ಟಿನಲ್ಲಿ ಏನಿದೆ ಅಂತ ತಿಳಿದುಕೊಂಡದ್ದು. ಹನ್ನೆರಡು ವರ್ಷ ಬೇರೆಯವರ ವರದಿಯಲ್ಲಿ ತಪ್ಪು ಹುಡುಕಿದವನು ನಾನು!

ಮೊದಲ ಅಪೀಲಿಗೆ ಆರು ತಿಂಗಳ ಗಡುವು ಇರುತ್ತೆ. ಕೋಪದಲ್ಲಿ ಉದ್ದದ ಪತ್ರ ಬರೆಯಬೇಡಿ, ನನ್ನ ಮೊದಲ ಕರಡು ಒಂಬತ್ತು ಪುಟ ಇತ್ತು. ಹೆಂಡತಿ ಓದಿ "ಇದ್ರಲ್ಲಿ ಮೊಣಕಾಲು ಎಲ್ಲಿದೆ ರೀ?" ಅಂದಳು. ಹರಿದು ಹಾಕಿ ಎರಡು ಪುಟ ಬರೆದೆ. ಹಳೇ ಮೆಡಿಕಲ್ ಕಾಗದಕ್ಕೆ ಆರ್‌ಟಿಐ ಹಾಕಿದೆ, ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. ಅದರಲ್ಲಿ 2009ರ ಮೆಡಿಕಲ್ ಬೋರ್ಡಿನ ವರದಿ ಎಎಫ್‌ಎಂಎಸ್‌ಎಫ್-15 ಸಿಕ್ಕಿತು, ಅಲ್ಲಿ ಎಡ ಅಂತಲೇ ಇತ್ತು. ಆದರೆ ಅದು ಗಾಯ ಆಗಿ ತಿಂಗಳುಗಳ ಮೇಲಿನದು. ಗಾಯ ಆದ ವಾರದ ಸಾಕ್ಷಿ ಬೇಕಿತ್ತು.

ಅವ್ವನ ಟ್ರಂಕ್ ತೆಗೆಸಿದೆ. ಇಳಕಲ್ ಸೀರೆಗಳ ಅಡಿ, ನುಸಿ ಗುಳಿಗೆ ವಾಸನೆಯಲ್ಲಿ, ಹಳದಿ ಲಕೋಟೆ. ಫಿಲ್ಮನ್ನ ಅಂಗಳದ ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ನನ್ನ ಹೆಸರು, 2008ರ ನವೆಂಬರ್ ತಾರೀಕು, ಕೆಳಗೆ ಚಿಕ್ಕದಾಗಿ ಇಂಗ್ಲಿಷಿನಲ್ಲಿ 'ಎಡ ಮೊಣಕಾಲು'. ಅದನ್ನ ಹಾವೇರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಅವತ್ತು ನನ್ನ ಜೊತೆ ಹಾರಿದ್ದ ಇಬ್ಬರಿಂದ ಅಫಿಡವಿಟ್ ತರಿಸಿ, ಎಲ್ಲಾ ಸೇರಿಸಿ ಸ್ಪೀಡ್ ಪೋಸ್ಟ್ ಮಾಡಿದೆ. ಅಫಿಡವಿಟ್ಟು, ಓಡಾಟ, ಝೆರಾಕ್ಸು ಎಲ್ಲಾ ಸೇರಿ 14,000ದ ಆಸುಪಾಸು ಖರ್ಚು. ವಕೀಲರನ್ನ ಹಿಡಿಯಲಿಲ್ಲ. ಅಪೀಲಿನಲ್ಲೂ ಆಗದಿದ್ದರೆ ಸೇನಾ ನ್ಯಾಯಮಂಡಳಿ ಇತ್ತು, ಕರ್ನಾಟಕದವರಿಗೆ ಕೊಚ್ಚಿ ಪೀಠ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ನಡುವೆ ಇನ್ನೊಂದು ತಲೆನೋವು: 2023ರ ಸೆಪ್ಟೆಂಬರ್ 21ರಿಂದ ಹೊರಗೆ ಬಂದವರಿಗೆ ಅಂಗವಿಕಲತೆಯ ನಿಯಮಗಳೇ ಬೇರೆ. ನಾನು ಜೂನ್‌ನವನು, ಹಳೇ ನಿಯಮ. ಫೋನ್ ಎತ್ತಿದವರಿಗೆಲ್ಲಾ ಇದನ್ನ ಮೊದಲಿಂದ ಹೇಳಬೇಕಾಗುತ್ತಿತ್ತು. ನಿಮ್ಮ ನಿವೃತ್ತಿ ತಾರೀಕು ನೋಡಿಕೊಂಡೇ ಬೇರೆಯವರ ಸಲಹೆ ಕೇಳಿ, ನನ್ನದೂ ಸೇರಿ.

ಒಂದೂವರೆ ವರ್ಷ ಹೀಗೇ ಹೋಯಿತು. ಅಪ್ಪ ನೋಡಲಿಲ್ಲ, ಕಳೆದ ಶ್ರಾವಣದಲ್ಲಿ ಹೋದರು. ಮೊನ್ನೆ ಸಂಜೆ ಆ ಸಾಲು ಬದಲಾಯಿತು, ಈ ಬೆಳಿಗ್ಗೆ ಬಾಕಿ ದುಡ್ಡು ಬ್ಯಾಂಕಿಗೆ ಬಂತು. ಅವ್ವ ಲಕೋಟೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಇದನ್ನ ಇನ್ನ ಒಗೀಲೇನೋ?"

"ಬ್ಯಾಡವ್ವ. ಮತ್ತ ಟ್ರಂಕ್‌ನ್ಯಾಗ ಇಡು."